ವಾಸನೆ, ಬಿಸಿ, ಒದ್ದೆ: ತೋಟದ ಮೆಷಿನ್‌ಗೆ ಬೆಂಕಿ ಹತ್ತುವ ಮೊದಲೇ ದೋಷ ಹುಡುಕುವುದು

ಹೋದ ಫೆಬ್ರವರಿಯ ಒಂದು ಮಧ್ಯಾಹ್ನ. ಅಡಿಕೆ ಸುಲಿಯುವ ಮೆಷಿನ್ ಓಡುತ್ತಿತ್ತು. ಅಮ್ಮ ಜಗಲಿಯಿಂದ ಕೂಗಿದರು: "ಮಗಾ, ಎಂತದೋ ಮೀನು ಸುಟ್ಟ ವಾಸನೆ ಬರ್ತಾ ಉಂಟು."

ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ಹತ್ತಿರದ ಮನೆ ಅಂದರೆ ತೋಡಿನ ಆಚೆ. ಮೆಷಿನ್ ನಿಲ್ಲಿಸಿ ಮೂಸುತ್ತಾ ಹೋದೆ. ವಾಸನೆ ಬರುತ್ತಿದ್ದದ್ದು ಗೋಡೆಯ ಪ್ಲಗ್ಗಿನಿಂದ. ಮೇನ್ ಆಫ್ ಮಾಡಿ ಪ್ಲಗ್ ಎಳೆದು ನೋಡಿದರೆ, ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಪಿನ್ನಿನ ಹಿತ್ತಾಳೆ ಕಪ್ಪಾಗಿತ್ತು. ಸಾಕೆಟಿನ ತೂತು ಒಂದು ಬದಿಗೆ ಕರಗಿ ಜಾರಿತ್ತು. ಅದರ ಕೆಳಗೆ ಒಂದು ಗೇಣು ದೂರದಲ್ಲಿ ಅಡಿಕೆ ಸಿಪ್ಪೆಯ ರಾಶಿ.

ಇನ್ನೊಂದು ಗಂಟೆ ಓಡಿಸಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ. ಆಮೇಲೆ ಯೋಚಿಸಿದಾಗ ಹೊಳೆದದ್ದು ಇಷ್ಟು: ಆ ಪ್ಲಗ್ ವಾರದಿಂದ ಸೂಚನೆ ಕೊಡುತ್ತಲೇ ಇತ್ತು. ಮೆಷಿನ್ ಆಗಾಗ ಸ್ವಲ್ಪ ನಿಧಾನವಾಗುತ್ತಿತ್ತು. "ವೋಲ್ಟೇಜ್ ಇಲ್ಲ" ಅಂತ ಸುಮ್ನೆ ಬಿಟ್ಟಿದ್ದೆ.

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ತೋಟ. ಕೆಳಗೆ ಅಡಿಕೆ, ಮೇಲೆ ಗುಡ್ಡೆಯಲ್ಲಿ ಗೇರು, ಅದರಾಚೆ ಮುಳಿಹುಲ್ಲಿನ ಪಾರೆ, ಅಂದರೆ ಕಲ್ಲಿನ ಬಯಲು. ಮೆಷಿನ್‌ಗಳನ್ನು ನಾನೇ ಬಿಚ್ಚಿ ಜೋಡಿಸುತ್ತೇನೆ, ನೆಂಟರ ಮನೆಯವನ್ನೂ ನೋಡುತ್ತೇನೆ. ಹಾಗೆ ನೋಡುತ್ತಾ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೆಷಿನ್ ಸ್ಟಾರ್ಟ್ ಆಗದಿದ್ದರೆ ಏನು ಮಾಡಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಓಡುತ್ತಿರುವ ಮೆಷಿನ್ ಬೆಂಕಿಯ ಕಡೆಗೆ ಹೋಗುತ್ತಿದೆಯಾ ಅಂತ ನೋಡುವ ಅಭ್ಯಾಸ ನಮಗಿಲ್ಲ.

ಹುಡುಕುವ ಮೊದಲು

ಅನುಮಾನ ಬಂತು ಅಂದರೆ ಮೊದಲು ನಿಲ್ಲಿಸಿ. "ಈ ಗೋಣಿಯೊಂದು ಮುಗಿಯಲಿ" ಅನ್ನಬೇಡಿ. ಕರೆಂಟಿನ ಮೆಷಿನ್ ಆದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಎಳೆಯಿರಿ. ಪ್ಲಗ್ಗೇ ಬಿಸಿಯಾಗಿದ್ದರೆ ಮುಟ್ಟದೆ ಮೇನ್ ಆಫ್ ಮಾಡಿ. ಪೆಟ್ರೋಲ್ ಮೆಷಿನ್ ಆದರೆ ಇಂಧನದ ಕಾಕ್ ಮುಚ್ಚಿ. ಆಮೇಲೆ ಅದನ್ನು ಸಿಪ್ಪೆ, ಸೋಗೆ, ತರಗೆಲೆ ಇಲ್ಲದ ಜಾಗಕ್ಕೆ ತನ್ನಿ. ಮುರಕಲ್ಲಿನ ಅಂಗಳ ಆದೀತು, ಗುಡಿಸಿದ ಮಣ್ಣಿನ ನೆಲ ಆದೀತು. ಶೆಡ್ಡಿನೊಳಗೆ ಸಿಪ್ಪೆಯ ಮೇಲೆ ಕೂತು ರಿಪೇರಿ ಮಾಡುವುದು ಬೇಡವೇ ಬೇಡ.

ಬಿಸಿ ಆರಲು ಬಿಡಿ. ಸೈಲೆನ್ಸರ್ ಇರುವ ಮೆಷಿನ್ ಆದರೆ ಅರ್ಧ ಗಂಟೆ ಆಗಲಿ.

ನಂತರ ಬ್ರಷ್ಷಿನಲ್ಲಿ ಧೂಳು, ನಾರು, ಎಣ್ಣೆ ಅಂಟಿದ ಕಸ ತೆಗೆಯಿರಿ. ಇದು ಚಂದಕ್ಕೆ ಮಾಡುವ ಕೆಲಸ ಅಲ್ಲ. ಕಸದ ಅಡಿಯಲ್ಲಿ ದೋಷ ಕಾಣುವುದಿಲ್ಲ, ಜೊತೆಗೆ ನಮ್ಮ ಕಡೆ ಮೊದಲು ಹೊತ್ತಿಕೊಳ್ಳುವುದೂ ಹೆಚ್ಚಾಗಿ ಆ ಕಸವೇ. ಎಣ್ಣೆ ಕುಡಿದ ಸಿಪ್ಪೆಯ ನಾರು ದೀಪದ ಬತ್ತಿಯ ಹಾಗೆ. ತೆಗೆಯುವಾಗ ಯಾವ ಜಾಗದ ಕಸ ಒಣಗಿದೆ, ಯಾವುದು ಒದ್ದೆ, ಯಾವುದು ಕರಿಗಟ್ಟಿದೆ ಅಂತ ಗಮನಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೀನಿನ ವಾಸನೆ ಬಂದರೆ

ಪ್ಲಗ್, ಸಾಕೆಟ್, ಸ್ವಿಚ್ಚಿನ ಪ್ಲಾಸ್ಟಿಕ್ ಅತಿಯಾಗಿ ಬಿಸಿಯಾದರೆ ಮೀನು ಸುಟ್ಟಂಥ ವಾಸನೆ ಬರುತ್ತದೆ. ಮೋಟರಿನ ವಾರ್ನಿಷ್ ಸುಟ್ಟರೆ ಅದು ಬೇರೆ, ಮೂಗಿಗೆ ಚುಚ್ಚುವ ಘಾಟು. ಎರಡನ್ನೂ ಒಮ್ಮೆ ಗುರುತು ಹಿಡಿದರೆ ಮರೆಯುವುದಿಲ್ಲ.

ಮೀನಿನ ವಾಸನೆಗೆ ಕಾರಣ ಹೆಚ್ಚಾಗಿ ಸಡಿಲ ಜೋಡಣೆ. ಲೆಕ್ಕ ನೋಡಿ. 2 ಎಚ್‌ಪಿಯ ಸಿಂಗಲ್ ಫೇಸ್ ಮೋಟರ್ ಲೋಡಿನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತದೆ. ಸಡಿಲ ಜಾಗದಲ್ಲಿ ಬರೀ ಅರ್ಧ ಓಮ್ ತಡೆ ಇದೆ ಅಂದುಕೊಳ್ಳಿ. 10 × 10 × 0.5 ಅಂದರೆ 50 ವಾಟ್. ರೇಡಿಯೋ ರಿಪೇರಿಯವರ ಸಣ್ಣ ಸಾಲ್ಡರಿಂಗ್ ಐರನ್ 25 ವಾಟಿನದ್ದು. ಅಂಥ ಎರಡನ್ನು ಒಂದು ಹುಣಸೆ ಬೀಜದಷ್ಟು ಜಾಗಕ್ಕೆ ಒತ್ತಿ ಹಿಡಿದ ಹಾಗಾಯಿತು. ಪ್ಲಾಸ್ಟಿಕ್ ಕರಗದೆ ಇನ್ನೇನು?

"ಇಎಲ್‌ಸಿಬಿ ಇದೆಯಲ್ಲ, ಅದು ಬೀಳ್ತದೆ" ಅಂತ ತುಂಬಾ ಜನ ಹೇಳುತ್ತಾರೆ. ಬೀಳುವುದಿಲ್ಲ. ಇಎಲ್‌ಸಿಬಿ ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್. ಅದು ನೋಡುವುದು ಕರೆಂಟು ನೆಲಕ್ಕೆ ಸೋರುತ್ತಿದೆಯಾ ಅಂತ ಮಾತ್ರ. ಸಡಿಲ ಪ್ಲಗ್ಗಿನಲ್ಲಿ ಕರೆಂಟು ಎಲ್ಲಿಗೂ ಸೋರುವುದಿಲ್ಲ, ಹೋಗುವ ದಾರಿಯಲ್ಲೇ ಕುದಿಯುತ್ತದೆ. ಫ್ಯೂಸೂ ಹೋಗುವುದಿಲ್ಲ, ಯಾಕೆಂದರೆ ಕರೆಂಟು ಜಾಸ್ತಿ ಆಗಿಯೇ ಇಲ್ಲ. ಈ ದೋಷಕ್ಕೆ ನಿಮ್ಮ ಮೂಗು ಮತ್ತು ಕಣ್ಣೇ ಕಾವಲು.

ಹೀಗೆ ಹುಡುಕಿ. ಮೆಷಿನ್ ಹದಿನೈದು ನಿಮಿಷ ಓಡಿಸಿ ಆಫ್ ಮಾಡಿ. ಮೇನ್ ಕೂಡ ಆಫ್ ಮಾಡಿ. ಕೂಡಲೇ ಪ್ಲಗ್ಗಿನ ಹೊರಮೈ, ಸ್ವಿಚ್ಚಿನ ಮುಖ, ವಯರಿಗೆ ಹಾಕಿದ ಜಾಯಿಂಟ್ ಒಂದೊಂದನ್ನೂ ಬೆರಳ ಹಿಂಬದಿಯಿಂದ ಮುಟ್ಟಿ. ಬೆಚ್ಚಗಿದ್ದರೆ ನೋಡಿಟ್ಟುಕೊಳ್ಳಿ. ಬೆರಳಿಡಲು ಆಗದಷ್ಟು ಬಿಸಿ ಇದ್ದರೆ ಅದೇ ಜಾಗ. ಇಡೀ ವಯರ್ ಉದ್ದಕ್ಕೂ ಒಂದೇ ಸಮ ಬಿಸಿ ಇದ್ದರೆ ವಯರ್ ಸಪೂರ ಆಯಿತು ಅಂತ ಅರ್ಥ. ಒಂದೇ ಕಡೆ ಬಿಸಿ ಇದ್ದರೆ ಅಲ್ಲಿ ಜೋಡಣೆ ಸಡಿಲ.

ನಮ್ಮಲ್ಲಿ ಆದದ್ದು ಏನೆಂದರೆ, 6 ಆಂಪಿಯರಿನ ಸಣ್ಣ ಪ್ಲಗ್ಗಿನಲ್ಲಿ 2 ಎಚ್‌ಪಿ ಮೋಟರ್ ಓಡಿಸುತ್ತಿದ್ದೆವು. 16 ಆಂಪಿಯರಿನ ದಪ್ಪ ಪಿನ್ನಿನ ಪ್ಲಗ್, ಸಾಕೆಟ್ ಬೇಕು. 2.5 ಚದರ ಮಿಲಿಮೀಟರಿನ ತಾಮ್ರದ ವಯರ್ ಬೇಕು. ಎರಡು ವಯರ್ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಕತ್ತರಿಸಿ ಬಿಸಾಡಿ, ಒಂದೇ ತುಂಡು ಹಾಕಿ. ಉದ್ದದ ವಯರ್ ಚಕ್ರಕ್ಕೆ ಸುತ್ತಿಟ್ಟು ಓಡಿಸಬೇಡಿ, ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ವಯರಿನ ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಕರಗಿದ ಸಾಕೆಟ್ ಬದಲಿಸುವ ಕೆಲಸ ಮಾತ್ರ ಲೈಸೆನ್ಸ್ ಇರುವ ವಯರ್‌ಮ್ಯಾನ್ ಮಾಡಲಿ.

ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂತಾದರೆ ಎರಡು ಸೆಕೆಂಡೂ ಕಾಯಬೇಡಿ, ಆಫ್ ಮಾಡಿ. ನಿಂತ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಪ್ಲಗ್ ಎಳೆದು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿ ಇದ್ದರೆ ಒಳಗೆ ಅಡಿಕೆ ಸಿಕ್ಕಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಹಗುರ ತಿರುಗಿದರೆ ಕೆಪಾಸಿಟರ್ ಮೇಲೆ ಅನುಮಾನ. ಅದು ಉಬ್ಬಿದ್ದರೆ ಅನುಮಾನವೇ ಬೇಡ, ಬದಲಿಸಿ. ತ್ರೀ ಫೇಸ್ ಮೋಟರ್ ಗುಂಯ್ ಅಂದರೆ ಒಂದು ಫೇಸ್ ಇಲ್ಲ. ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆ ಅಂತ ಅದರ ತಿರುಗಣೆಯನ್ನು ಮೇಲಕ್ಕೆ ತಿರುಗಿಸುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಮೋಟರಿನ ಪ್ಲೇಟಿನಲ್ಲಿ ಬರೆದ ಆಂಪಿಯರಿಗೆ ಅದು ನಿಲ್ಲಬೇಕು. ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಹಾಕುವುದೂ ಇದೇ ಜಾತಿಯ ತಪ್ಪು.

ರಬ್ಬರ್ ಸುಟ್ಟ ವಾಸನೆ ಬಂದರೆ

ಇದು ಬೆಲ್ಟ್. ಬೆಲ್ಟಿನ ಬದಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಜಾರುತ್ತಿದೆ. ಕೆಳಗೆ ಕರಿ ಪುಡಿ ಉದುರಿರುತ್ತದೆ. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸಣ್ಣ ಮೆಷಿನ್‌ಗಳಲ್ಲಿ ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು. ಎರಡೂ ಪುಲ್ಲಿಗೆ ಅಡ್ಡಲಾಗಿ ಒಂದು ನೂಲು ಎಳೆದು ಹಿಡಿದರೆ ಓರೆ ಇದ್ದದ್ದು ಗೊತ್ತಾಗುತ್ತದೆ.

ಬಿಗಿ ಸರಿ ಇದ್ದೂ ಜಾರಿದರೆ ಬೆಲ್ಟ್ ಬಿಟ್ಟು ಶಾಫ್ಟ್ ನೋಡಿ. ಹೋದ ವರ್ಷ ಬದಿಯಡ್ಕ ಕಡೆಯ ನೆಂಟರ ಮನೆಯ ಮೆಷಿನ್ ಬಿಚ್ಚಿದೆ. ಬೇರಿಂಗಿನ ಪಕ್ಕ ಶಾಫ್ಟಿಗೆ ಸಿಪ್ಪೆಯ ನಾರು ಸುತ್ತಿಕೊಂಡು, ಬಿಗಿಯಾಗಿ, ಹುರಿಹಗ್ಗದ ಉಂಡೆಯ ಹಾಗಾಗಿತ್ತು. ಚಾಕುವಿನಲ್ಲಿ ಕೊಯ್ದು ತೆಗೆಯಬೇಕಾಯಿತು. ಹೊರಗಿನ ಸುತ್ತು ಹೊಂಬಣ್ಣ, ಒಳಗೆ ಹೋದಂತೆ ಕಂದು, ಶಾಫ್ಟಿಗೆ ತಾಗಿದ ಸುತ್ತು ಇದ್ದಿಲು. ಕೈಯಲ್ಲಿ ಉಜ್ಜಿದರೆ ಪುಡಿ ಆಯಿತು. ಭಾವ ಅದನ್ನು ಅಂಗೈಯಲ್ಲಿ ಹಿಡಿದು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದು ಎಷ್ಟು ದಿನದಿಂದ ಹೀಗೆ ಬೇಯ್ತಾ ಇತ್ತೋ" ಅಂದರು.

ಬೇರಿಂಗ್ ಪರೀಕ್ಷೆ ಸುಲಭ. ಓಡಿಸಿ ನಿಲ್ಲಿಸಿ, ಪ್ಲಗ್ ಎಳೆದು, ಬೇರಿಂಗಿನ ಮನೆಯನ್ನು ಮೊದಲು ಬೆರಳ ತುದಿಯಿಂದ, ಆಮೇಲೆ ಕೈಯಿಟ್ಟು ನೋಡಿ. ಮೂರು ನಾಲ್ಕು ಸೆಕೆಂಡು ಇಡಲಾಗದಿದ್ದರೆ ಸುಮಾರು 60 ಡಿಗ್ರಿ ದಾಟಿದೆ. ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಎರಡು ಬೇರಿಂಗಿನಲ್ಲಿ ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ತಪ್ಪು ಅಲ್ಲೇ ಇದೆ. ಗ್ರೀಸ್ ಕಮ್ಮಿ ಆದರೂ ಬಿಸಿ, ಮುಕ್ಕುವಷ್ಟು ತುಂಬಿದರೂ ಬಿಸಿ. ಮೋಟರಿನ ಫ್ಯಾನಿನ ಜಾಲರಿ, ಮೈಯ ಗೀರುಗಳಲ್ಲಿ ಕೂತ ಧೂಳನ್ನು ದಿನಾ ಸಂಜೆ ಗುಡಿಸಿ. ಧೂಳಿನ ಕಂಬಳಿ ಹೊದ್ದ ಮೋಟರ್ ತಣಿಯುವುದಿಲ್ಲ.

ಪೆಟ್ರೋಲ್ ವಾಸನೆ ಬಂದರೆ

ಹುಲ್ಲು ಕತ್ತರಿಸುವ ಮೆಷಿನ್, ಮದ್ದು ಬಿಡುವ ಪಂಪಿನ ಎಂಜಿನ್, ಮರ ಕೊಯ್ಯುವ ಚೈನ್ ಸಾ, ಎಲ್ಲಕ್ಕೂ ಇದು ಅನ್ವಯ. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಏಳುತ್ತದೆ. ನಮ್ಮ ಮಾರ್ಚಿ ಸೆಕೆಯಲ್ಲಿ ಕೇಳುವುದೇ ಬೇಡ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿ ಹೋಗುವುದಿಲ್ಲ, ನೆಲದಲ್ಲಿ ನೀರಿನ ಹಾಗೆ ಹರಿದು ತಗ್ಗು ಹುಡುಕುತ್ತದೆ. ಶೆಡ್ಡಿನ ಈ ಮೂಲೆಯಲ್ಲಿ ಸೋರಿದ್ದು ಆ ಮೂಲೆಯ ಒಲೆಗೆ ತಲುಪಬಹುದು. ಹಂಡೆ ಒಲೆ, ಅಡಿಕೆ ಒಣಗಿಸುವ ಗೂಡು ಇರುವ ಕೋಣೆಯಲ್ಲಿ ಪೆಟ್ರೋಲ್ ಇಡಬೇಡಿ ಅನ್ನುವುದು ಇದಕ್ಕೇ.

ಸೋರಿಕೆ ಹುಡುಕುವಾಗ ಒಂದು ತಪ್ಪು ಎಲ್ಲರೂ ಮಾಡುತ್ತೇವೆ. ಹನಿ ಬೀಳುವ ಜಾಗವನ್ನೇ ಸೋರುವ ಜಾಗ ಅಂದುಕೊಳ್ಳುತ್ತೇವೆ. ಮೆಷಿನ್ ಪೂರ್ತಿ ಒರೆಸಿ ಒಣಗಿಸಿ, ಕೆಳಗೆ ಬಿಳಿ ಕಾಗದ ಹಾಸಿ, ಕಾಕ್ ತೆರೆದು ಕಾದು ನೋಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದು ಯಾವುದೋ ಅದೇ ಮೂಲ.

ಮೇಲೆ ಟ್ಯಾಂಕಿನ ಮುಚ್ಚಳ. ಒಳಗಿನ ರಬ್ಬರ್ ಬಳೆ ಬಿರಿದಿದ್ದರೆ, ಮೆಷಿನ್ ಓರೆ ಮಾಡಿದಾಗ ಮಾತ್ರ ಸೋರುತ್ತದೆ. ನೆಟ್ಟಗೆ ಇಟ್ಟು ನೋಡಿದರೆ ಸಿಗುವುದೇ ಇಲ್ಲ. ಆಮೇಲೆ ಪೈಪ್. ಬಗ್ಗಿಸಿ ನೋಡಿ, ಸಣ್ಣ ಸಣ್ಣ ಬಿರುಕು ಕಂಡರೆ ಬದಲಿಸಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಮೆಷಿನ್‌ಗಳ ರಬ್ಬರ್ ಅದಕ್ಕೆ ಬೇಗ ಹಾಳಾಗಬಹುದು. ಮಳೆಗಾಲದಲ್ಲಿ ಮೂಲೆಗಿಟ್ಟ ಮೆಷಿನ್ ಆದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಿ. ಕೊನೆಗೆ ಕಾರ್ಬೊರೇಟರ್. ಕಾಕ್ ತೆರೆದ ಕೂಡಲೇ ಅದರ ಸಣ್ಣ ಕೊಳವೆಯಿಂದ ಸುರಿಯುತ್ತಿದ್ದರೆ ಒಳಗಿನ ಸೂಜಿಯ ಕೆಳಗೆ ಕಸ ಸಿಕ್ಕಿದೆ. ಕಾಕ್ ಮುಚ್ಚಿ, ಬಟ್ಟಲು ಬಿಚ್ಚಿ ತೊಳೆಯಬೇಕು.

ಸ್ಪಾರ್ಕ್ ನೋಡುವ ಅಭ್ಯಾಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಸ್ಟಾರ್ಟ್ ಆಗುವುದಿಲ್ಲ ಅಂದರೆ ನಾವೆಲ್ಲ ಮಾಡುವುದೇನು? ಎಂಜಿನ್‌ನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿಗೆ ತಾಗಿಸಿ ಹಿಡಿದು ಹಗ್ಗ ಎಳೆಯುತ್ತೇವೆ. ಅಷ್ಟರಲ್ಲಿ ಹತ್ತು ಸಲ ಹಗ್ಗ ಎಳೆದು ಎಂಜಿನ್ ಒಳಗೆ ಪೆಟ್ರೋಲ್ ತುಂಬಿರುತ್ತದೆ. ಪಿಸ್ಟನ್ ಮೇಲೆ ಬರುವಾಗ ಪ್ಲಗ್ಗಿನ ತೂತಿನಿಂದ ಆ ಪೆಟ್ರೋಲ್ ಮಂಜಿನ ಹಾಗೆ ಚಿಮ್ಮುತ್ತದೆ. ಎರಡು ಅಂಗುಲ ಪಕ್ಕದಲ್ಲೇ ಕಿಡಿ ಹಾರುತ್ತದೆ. ಭುಗ್ ಅಂತ ಒಂದು ಜ್ವಾಲೆ, ಮುಖದ ಮಟ್ಟಕ್ಕೆ. ನನ್ನ ಎಡಗೈಯ ರೋಮ ಒಮ್ಮೆ ಹೀಗೇ ಹೋಗಿದೆ, ರೆಪ್ಪೆಗೆ ತಾಗದ್ದು ದೇವರ ದಯೆ.

ಸರಿಯಾದ ಕ್ರಮ ಹೀಗೆ. ಕಾಕ್ ಮುಚ್ಚಿ. ಪ್ಲಗ್ ಬಿಚ್ಚಿ, ಸ್ವಿಚ್ ಆಫ್ ಇರುವಾಗಲೇ, ಪ್ಲಗ್ಗಿನ ಕ್ಯಾಪನ್ನು ದೂರ ಸರಿಸಿ ಹಗ್ಗ ಎಳೆದು ಒಳಗಿನ ಪೆಟ್ರೋಲನ್ನು ಹೊರಗೆ ಹಾಕಿ. ತೂತಿಗೆ ಮುಖ ತರಬೇಡಿ. ಚೆಲ್ಲಿದ್ದನ್ನು ಒರೆಸಿ, ಒರೆಸಿದ ಬಟ್ಟೆಯನ್ನು ದೂರ ಇಡಿ. ಹತ್ತು ನಿಮಿಷ ಗಾಳಿಗೆ ಬಿಡಿ. ಆಮೇಲೆ ಆ ತೂತಿಗೆ ಹಳೆಯ ಪ್ಲಗ್ಗೊಂದನ್ನು ತಿರುಪಿ ಮುಚ್ಚಿ, ಪರೀಕ್ಷಿಸುವ ಪ್ಲಗ್ಗನ್ನು ಎಂಜಿನ್ ಮೈಯ ಇನ್ನೊಂದು ಬದಿಗೆ ತಾಗಿಸಿ ನೋಡಿ. ಅಂಗಡಿಯಲ್ಲಿ ಸಿಗುವ ಸ್ಪಾರ್ಕ್ ಟೆಸ್ಟರ್ ಇದ್ದರೆ ಈ ರಗಳೆಯೇ ಇಲ್ಲ.

ಇಂಧನ ತುಂಬುವಾಗ ಎಂಜಿನ್ ನಿಂತು ಬಿಸಿ ಆರಿರಲಿ. ತುಂಬಿದ ಜಾಗದಲ್ಲೇ ಸ್ಟಾರ್ಟ್ ಮಾಡದೆ ಮೂರು ಮೀಟರ್ ಆಚೆ ಹೋಗಿ ಹಗ್ಗ ಎಳೆಯಿರಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತರುವುದು, ಇಡುವುದು ಬಿಡಿ. ಬಿಗಿ ಮುಚ್ಚಳದ, ಅದಕ್ಕೇ ಮಾಡಿದ ಕ್ಯಾನ್ ಬೇಕು. ಎಂಜಿನ್ ಭಾಗ ತೊಳೆಯಲು ಪೆಟ್ರೋಲ್ ಬಳಸುವುದನ್ನೂ ಬಿಡಿ. ಸಾಬೂನು ನೀರು ಆಗುತ್ತದೆ. ಜಿಡ್ಡು ಹೋಗದಿದ್ದರೆ ಡೀಸೆಲ್, ಅದೂ ಹೊರಗೆ, ಬೆಂಕಿ ಬಿಸಿ ಏನೂ ಇಲ್ಲದ ಕಡೆ.

ಸೈಲೆನ್ಸರಿನಿಂದ ಕಿಡಿ ಬಂದರೆ

ಹುಲ್ಲು ಕತ್ತರಿಸುವ ಮೆಷಿನ್‌ಗಳ ಸೈಲೆನ್ಸರಿನ ಬಾಯಲ್ಲಿ ಹೆಚ್ಚಾಗಿ ಸಣ್ಣ ತಂತಿ ಜಾಲರಿ ಇರುತ್ತದೆ. ಕೆಂಡದಂಥ ಕರಿಯ ಕಣ ಹೊರಗೆ ಹಾರದ ಹಾಗೆ ತಡೆಯುವುದು ಅದರ ಕೆಲಸ. ಮೆಷಿನ್ ಎಳೆಯುವುದಿಲ್ಲ ಅಂತ ವರ್ಕ್‌ಶಾಪಿಗೆ ಕೊಟ್ಟರೆ ಕೆಲವರು ಜಾಲರಿಯನ್ನೇ ಕಿತ್ತು ಕೊಡುತ್ತಾರೆ. ಎಳೆತ ಬರುತ್ತದೆ, ನಿಜ. ಆದರೆ ದೋಷ ಜಾಲರಿಯದ್ದಲ್ಲ, ಅದರಲ್ಲಿ ತುಂಬಿದ ಕರಿಯದ್ದು. ಬಿಚ್ಚಿ ತಂತಿ ಬ್ರಷ್ಷಿನಲ್ಲಿ ಉಜ್ಜಿ ತಿರುಗಿ ಹಾಕಿ. ತೂತಾಗಿದ್ದರೆ ಹೊಸದು ಹಾಕಿ. ತಿಂಗಳಲ್ಲಿ ಎರಡು ಸಲ ಕಟ್ಟಿಕೊಂಡರೆ ಕಾರಣ ಬೇರೆ ಇದೆ: ಟೂ ಸ್ಟ್ರೋಕ್ ಆದರೆ ಎಣ್ಣೆ ಜಾಸ್ತಿ ಬೆರೆಸುತ್ತಿದ್ದೀರಿ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಅಳತೆ ಮೆಷಿನ್‌ನ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ, ಕಣ್ಣಂದಾಜು ಬೇಡ.

ಓಡಿಸಿ ನಿಲ್ಲಿಸಿದ ಸೈಲೆನ್ಸರಿನ ಬಿಸಿ ಒಣ ಹುಲ್ಲು ಹೊತ್ತಿಸಲು ಧಾರಾಳ ಸಾಕು. ಬೆವರು ಒರೆಸಿಕೊಳ್ಳಲು ನಿಂತವರು ಮೆಷಿನನ್ನು ತರಗೆಲೆಯ ಮೇಲೆ ಮಲಗಿಸುತ್ತಾರಲ್ಲ, ಅಪಾಯ ಅಲ್ಲಿದೆ. ಬರೀ ಕಲ್ಲಿನ ಮೇಲೆ ಇಡಿ. ಗೇರು ಗುಡ್ಡೆಯಲ್ಲಿ, ಪಾರೆಯಲ್ಲಿ ಜನವರಿ ಕಳೆದ ಮೇಲೆ ಬೆಳಗ್ಗೆ ಇಬ್ಬನಿ ಇರುವಾಗಲೇ ಕೆಲಸ ಮುಗಿಸುವುದು ಒಳ್ಳೆಯದು. ಕಬ್ಬಿಣದ ಬ್ಲೇಡ್ ಕಲ್ಲಿಗೆ ತಾಗಿದರೂ ಕಿಡಿ ಹಾರುತ್ತದೆ.

ಡೀಸೆಲ್ ಎಂಜಿನ್‌ನಲ್ಲಿ ಬಿಳಿ ಹೊಗೆ, ಒದ್ದೆ

ಟಿಲ್ಲರ್ ಇರುವವರು "ಡೀಸೆಲ್‌ಗೆ ಬೆಂಕಿ ಹತ್ತುವುದಿಲ್ಲ" ಅಂತ ನಂಬಿದ್ದಾರೆ. ಕಡ್ಡಿ ಗೀರಿ ಹಾಕಿದರೆ ಸುಲಭಕ್ಕೆ ಹತ್ತುವುದಿಲ್ಲ, ಸರಿ. ಆದರೆ ಬಿಸಿ ಲೋಹದ ಮೇಲೆ ಬಿದ್ದರೆ ಕಿಡಿಯೇ ಇಲ್ಲದೆ 210ರಿಂದ 250 ಡಿಗ್ರಿಯ ಆಸುಪಾಸಿನಲ್ಲಿ ತಾನೇ ಹೊತ್ತಿಕೊಳ್ಳಬಹುದು. ಲೋಡಿನಲ್ಲಿ ಓಡಿದ ಎಂಜಿನ್‌ನ ಹೊಗೆಕೊಳವೆ ಅದಕ್ಕಿಂತ ಬಿಸಿ ಇರುತ್ತದೆ. ಹಾಗಾಗಿ ಸೈಲೆನ್ಸರಿನ ಹೊರಮೈಯಿಂದ ಬಿಳಿ ಹೊಗೆ ಏಳುತ್ತಿದ್ದರೆ, ಮೇಲೆ ಎಲ್ಲಿಂದಲೋ ಡೀಸೆಲ್ ಅಥವಾ ಎಂಜಿನ್ ಆಯಿಲ್ ಹನಿಯುತ್ತಿದೆ ಅಂತ ತಿಳಿದು ಕೂಡಲೇ ನಿಲ್ಲಿಸಿ.

ಎಂಜಿನ್ ಆರಿದ ಮೇಲೆ ತೊಳೆದು ಒಣಗಿಸಿ, ಅನುಮಾನ ಇರುವ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ. ಸ್ವಲ್ಪ ಹೊತ್ತು ಓಡಿಸಿದರೆ ಪೌಡರಿನಲ್ಲಿ ಒದ್ದೆಯ ಗೆರೆ ಮೂಡುತ್ತದೆ. ಇಂಜೆಕ್ಟರಿನಿಂದ ಹಿಂದಕ್ಕೆ ಬರುವ ಸಪೂರ ಪೈಪನ್ನು ಮೊದಲು ನೋಡಿ, ಅದು ಬೇಗ ಬಿರಿಯುತ್ತದೆ. ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪಿನ ಸೋರಿಕೆಯನ್ನು ಮಾತ್ರ ಯಾವತ್ತೂ ಬೆರಳಿಟ್ಟು ಹುಡುಕಬೇಡಿ. ಅಲ್ಲಿನ ಒತ್ತಡ 200 ಬಾರ್ ಮಟ್ಟದ್ದು, ಸೂಜಿ ಮೊನೆಯಷ್ಟು ತೂತಿನಿಂದ ಬಂದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಚರ್ಮದೊಳಗೆ ಹೋಯಿತು ಅಂದರೆ ಗಾಯ ಸಣ್ಣದಿದ್ದರೂ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು.

ಬ್ಯಾಟರಿ

ಟರ್ಮಿನಲ್ ಮೇಲೆ ಬಿಳಿ ಹಸಿರು ಹೂ ಬಂದಿದ್ದರೆ, ಸೆಲ್ಫ್ ಹೊಡೆಯುವಾಗ ಟಿಕ್ ಟಿಕ್ ಅಂದರೆ, ಕ್ಲಾಂಪ್ ಸಡಿಲ ಇರಬಹುದು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಚಾಸಿಗೆ ತಾಗಿ ಕಿಡಿ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿಯ ಮೇಲೆ ಹೈಡ್ರೋಜನ್ ಇರುತ್ತದೆ, ಗಾಳಿಯಲ್ಲಿ 4 ಶೇಕಡಾ ಸೇರಿದರೂ ಹೊತ್ತಿಕೊಳ್ಳುವ ಅನಿಲ ಅದು. ಚಾರ್ಜರ್ ಆಫ್ ಮಾಡಿಯೇ ಕ್ಲಿಪ್ ತೆಗೆಯಿರಿ. ವಯರ್ ಕಬ್ಬಿಣದ ತೂತಿನಿಂದ ಹಾದು ಹೋಗುವ ಕಡೆ ರಬ್ಬರ್ ಬಳೆ ಇದೆಯಾ ನೋಡಿ, ಇಲ್ಲದಿದ್ದರೆ ಅಲುಗಾಟಕ್ಕೆ ಸವೆದು ಶಾರ್ಟ್ ಆಗುತ್ತದೆ. ಬೆನ್ನಿಗೆ ಹಾಕುವ ಸ್ಪ್ರೇಯರಿನ ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಇಡಲೇಬೇಡಿ.

ವೆಲ್ಡಿಂಗ್ ದಿನ

ನಾನು ಕಂಡ ಅತಿ ದೊಡ್ಡ ಬೆಂಕಿ ರಿಪೇರಿಯಿಂದಲೇ ಆದದ್ದು. ನಮ್ಮ ಊರಿನ ಒಬ್ಬರ ಶೆಡ್ಡಿನಲ್ಲಿ ಟಿಲ್ಲರಿನ ಹ್ಯಾಂಡಲ್ ತುಂಡಾಗಿತ್ತು. ವೆಲ್ಡಿಂಗಿನವರು ಬಂದರು, ಹತ್ತು ನಿಮಿಷದ ಕೆಲಸ ಮುಗಿಸಿದರು, ಚಾ ಕುಡಿದು ಹೋದರು. ಎಲ್ಲರೂ ಊಟಕ್ಕೆ ಕೂತರು. ಸಿಪ್ಪೆಯ ರಾಶಿ ಹೊರಗಿನಿಂದ ಹಾಗೇ ಇತ್ತು. ಒಳಗೆ ಒಂದು ಕಿಡಿ ಹೊಕ್ಕು ಜ್ವಾಲೆಯಿಲ್ಲದೆ ಕನಲುತ್ತಿತ್ತು. ಎರಡು ಗಂಟೆ ಕಳೆದ ಮೇಲೆ ಮಾಡಿನ ಸಂದಿನಿಂದ ಹೊಗೆ ಕಂಡಿತು. ಟಿಲ್ಲರ್, ಮದ್ದಿನ ಪಂಪು, ಸುಲಿದು ಇಟ್ಟ ಅಡಿಕೆ, ಏನೂ ಉಳಿಯಲಿಲ್ಲ.

ವೆಲ್ಡಿಂಗಿನ, ಗ್ರೈಂಡರಿನ ಕಿಡಿ ಹತ್ತು ಹನ್ನೊಂದು ಮೀಟರ್ ದೂರ ಹಾರಬಹುದು. ಅಷ್ಟು ಜಾಗ ಖಾಲಿ ಇರುವ ಅಂಗಳಕ್ಕೆ ಮೆಷಿನ್ ತನ್ನಿ. ತರಲಾಗದಿದ್ದರೆ ಸಿಪ್ಪೆ, ಗೋಣಿ, ಸೋಗೆ ತೆಗೆದು, ನೆಲ ಒದ್ದೆ ಮಾಡಿ, ಸಂದುಗಳಿಗೆ ತಗಡು ಅಡ್ಡ ಇಡಿ. ಬ್ಯಾಟರಿ ಬಿಚ್ಚಿ. ಅರ್ತ್ ಕ್ಲಾಂಪ್ ವೆಲ್ಡ್ ಮಾಡುವ ಜಾಗದ ಹತ್ತಿರವೇ ಕಟ್ಟಿ, ಇಲ್ಲದಿದ್ದರೆ ಕರೆಂಟು ಬೇರಿಂಗಿನ ಮೂಲಕ ಹಾಯ್ದು ಅದನ್ನೂ ಸುಡುತ್ತದೆ. ಪೆಟ್ರೋಲ್, ಡೀಸೆಲ್ ಇದ್ದ ಖಾಲಿ ಟ್ಯಾಂಕ್, ಡ್ರಮ್ಮಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. ಖಾಲಿ ಕಂಡರೂ ಆವಿ ತುಂಬಿರುತ್ತದೆ, ಬಾಂಬಿನ ಹಾಗೆ ಸಿಡಿಯುತ್ತದೆ.

ಕೆಲಸ ಮುಗಿದ ಮೇಲೆ ಒಂದು ಗಂಟೆ ಒಬ್ಬರು ಅಲ್ಲೇ ಇರಬೇಕು. ಸಿಪ್ಪೆ ಹತ್ತಿರ ಇದ್ದರೆ ಆಮೇಲೂ ಎರಡು ಮೂರು ಸಲ ಹೋಗಿ, ರಾಶಿ ಕೆದಕಿ, ಅಂಗೈ ಹಿಡಿದು ಬಿಸಿ ನೋಡಬೇಕು. ವೆಲ್ಡಿಂಗಿನವರು ಅವಸರದಲ್ಲಿರುತ್ತಾರೆ. ಈ ಕಾವಲು ಮನೆಯವರದ್ದೇ.

ಹತ್ತಿಯೇ ಬಿಟ್ಟರೆ

ಕರೆಂಟು ಕಡಿಯಿರಿ, ಜನರನ್ನು ಹೊರಗೆ ಕಳಿಸಿ, 101ಕ್ಕೆ ಫೋನ್ ಮಾಡಿ. ನಮ್ಮ ಕಡೆಗೆ ಉಪ್ಪಳದಿಂದಲೋ ಕಾಸರಗೋಡಿನಿಂದಲೋ ಗಾಡಿ ಬರಬೇಕು, ಗುಡ್ಡೆ ದಾರಿಯಲ್ಲಿ ಹೊತ್ತು ಹಿಡಿಯುತ್ತದೆ. ಆರಿಸಲು ನೋಡಿ ಆಮೇಲೆ ಕರೆಯುವುದಲ್ಲ, ಮೊದಲೇ ಕರೆಯಿರಿ. ಆ ಕಡೆಯವರು ಮಲಯಾಳದಲ್ಲಿ ಮಾತಾಡಬಹುದು, ಗಾಬರಿಯಲ್ಲಿ ಹಿರಿಯರಿಗೆ ಮಾತು ತಡವರಿಸುತ್ತದೆ. ಊರು, ವಾರ್ಡು, ಹತ್ತಿರದ ಶಾಲೆ ಅಥವಾ ದೇವಸ್ಥಾನದ ಹೆಸರು, ದೊಡ್ಡ ಗಾಡಿ ಎಲ್ಲಿವರೆಗೆ ಬರುತ್ತದೆ ಅನ್ನುವುದನ್ನು ಫೋನಿನ ಪಕ್ಕ ಬರೆದು ಅಂಟಿಸಿಡಿ.

ಎಣ್ಣೆ, ಪೆಟ್ರೋಲ್, ಕರೆಂಟಿನ ಬೆಂಕಿಗೆ ನೀರು ಹಾಕಬೇಡಿ. ಬೆಂಕಿ ಆರಿಸುವ ಎಬಿಸಿ ಪೌಡರಿನ ಸಿಲಿಂಡರ್ ಶೆಡ್ಡಿನ ಒಳಮೂಲೆಯಲ್ಲಿ ಇಡದೆ ಬಾಗಿಲ ಹತ್ತಿರ ತೂಗುಹಾಕಿ. ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಹಿಡಿದು, ಆಚೀಚೆ ಬೀಸಬೇಕು. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡಿನಲ್ಲಿ ಖಾಲಿ, ಹಾಗಾಗಿ ನಿಮ್ಮ ಬೆನ್ನ ಹಿಂದೆ ಹೊರಗೋಡುವ ದಾರಿ ಇರಲಿ. ಮಾಡಿಗೆ ತಲುಪಿದ ಬೆಂಕಿಯ ಹತ್ತಿರ ಹೋಗಬೇಡಿ.

ಸಿಪ್ಪೆ, ಹುಲ್ಲಿಗೆ ನೀರೇ ಮದ್ದು. ಆದರೆ ಮೇನ್ ಆಫ್ ಮಾಡಿದ ಮೇಲೆ ಬಾವಿಯ ಪಂಪು ಓಡುವುದಿಲ್ಲ ಅನ್ನುವುದು ಆಗಲೇ ನೆನಪಾಗುತ್ತದೆ. ಅಡಿಕೆಗೆ ಬಿಡುವ ಬೋರ್ಡೋ ಮದ್ದು ಮಾಡುವ 200 ಲೀಟರಿನ ಡ್ರಮ್ ಬೇಸಿಗೆಯಲ್ಲಿ ಹೇಗೂ ಖಾಲಿ ಇರುತ್ತದಲ್ವಾ, ಅದನ್ನು ತೊಳೆದು ನೀರು ತುಂಬಿ ಶೆಡ್ಡಿನ ಹೊರಗೆ ಇಡಿ. ಮದ್ದು ಬಿಡುವ ಪೆಟ್ರೋಲ್ ಎಂಜಿನ್ ಪಂಪಿಗೆ ಕರೆಂಟು ಬೇಡ, ಪೈಪೂ ಉದ್ದ ಇದೆ. ಗುಡ್ಡೆಯಲ್ಲಿ ಹುಲ್ಲು ಕತ್ತರಿಸುವ ದಿನ ನಾವು ಅದನ್ನು ನೀರಿನ ಡ್ರಮ್ಮಿಗೆ ಜೋಡಿಸಿ, ಒಮ್ಮೆ ಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಕೆಲಸ ಶುರು ಮಾಡುತ್ತೇವೆ.

ಮೈ ಸುಟ್ಟರೆ ಹರಿಯುವ ನೀರಿನಲ್ಲಿ 20 ನಿಮಿಷ ಹಿಡಿಯಿರಿ. ಪೇಸ್ಟ್, ಶಾಯಿ ಹಚ್ಚಬೇಡಿ.

ಬೆಂಕಿ ಆರಿದ ಮೆಷಿನನ್ನು ಅದೇ ದಿನ ಓಡಿಸಿ ನೋಡುವ ಆಸೆ ಆಗುತ್ತದೆ. ವಯರಿನ ಮೇಲ್ಪದರ ಒಳಗೊಳಗೇ ಕರಗಿರಬಹುದು, ಪೈಪ್ ಮೆತ್ತಗಾಗಿರಬಹುದು, ಸಿಲಿಂಡರಿನ ಪೌಡರ್ ತೇವ ಹೀರಿ ಲೋಹ ತಿನ್ನಲು ಶುರು ಮಾಡಿರುತ್ತದೆ. ಪೌಡರನ್ನು ಒಣ ಬ್ರಷ್ಷಿನಿಂದ ಪೂರ್ತಿ ತೆಗೆದು, ಮೊದಲು ಹೊತ್ತಿದ್ದು ಎಲ್ಲಿ ಅಂತ ಗೊತ್ತಾಗುವವರೆಗೆ ಸ್ವಿಚ್ ಹಾಕಬೇಡಿ. ಜಾಸ್ತಿ ಸುಟ್ಟ, ತಗ್ಗಿನಲ್ಲಿರುವ ಜಾಗದಿಂದ ಹುಡುಕಲು ಶುರು ಮಾಡಿ, ಬೆಂಕಿ ಸಾಮಾನ್ಯವಾಗಿ ಮೇಲಕ್ಕೆ ಹಬ್ಬುತ್ತದೆ. ನಮ್ಮ ಆ ಕರಗಿದ ಸಾಕೆಟನ್ನು ನಾನು ಬಿಸಾಡಲಿಲ್ಲ. ಶೆಡ್ಡಿನ ಬಾಗಿಲಲ್ಲಿ, ಸಿಲಿಂಡರಿನ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಸುಲಿಯಲು ಬರುವ ಹುಡುಗರಿಗೆ ಮೊದಲ ದಿನವೇ ಅದನ್ನು ಕೈಗೆ ಕೊಟ್ಟು ಮೂಸಿಸುತ್ತೇನೆ. ವಾಸನೆ ಇನ್ನೂ ಹೋಗಿಲ್ಲ.